ನನ್ನದಲ್ಲದ ಕಾಲ್ಗುಣ

ಈ ಮಾತನ್ನು ಹೇಳುವುದನ್ನು ಎಷ್ಟು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆಂದರೆ, ಮುಂದೂಡಲು ಹೂಡಿದ ನೆಪಗಳಿಗೇ ಈಗ ವಯಸ್ಸಾಗಿದೆ. ಅವ್ವ ಇರುವ ತನಕ ಬೇಡ ಎಂದುಕೊಂಡೆ. ಅವ್ವ ಹೋದ ಮೇಲೆ ಬೀಗರ ಮನೆಯ ಹಿರಿಯರು ಇರುವ ತನಕ ಬೇಡ ಎಂದುಕೊಂಡೆ. ಅವರೂ ಹೋದ ಮೇಲೆ, ಕನ್ನಡಕದ ನಂಬರು ಬದಲಾಗಲಿ, ಆಮೇಲೆ ಬರೆದರಾಯಿತು ಎಂದೆ. ಕನ್ನಡಕ ಮೂರು ಸಲ ಬದಲಾಯಿತು. ಕಾಗದದ ಮೇಲೆ ಒಂದು ಸಾಲೂ ಮೂಡಲಿಲ್ಲ.

ಕೊನೆಗೆ ಹೋದ ವಾರ ನನ್ನ ಕಾಲೇ ನನ್ನನ್ನು ಹಿಡಿದುಕೊಟ್ಟಿತು. ಮೊಣಕಾಲು ನೋವಿಗೆ ಮದ್ದು ಕೇಳಲೆಂದು ಬೆಳಗಾವಿಯ ನೆಹರು ನಗರದ ಡಾಕ್ಟರರೊಬ್ಬರ ಬಾಗಿಲಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಅಂಥ ಬೆಂಚು ಎಂದರೆ ನೋವುಗಳ ಸಂತೆ. ಒಬ್ಬರು ಎದೆ ನೀವಿಕೊಳ್ಳುತ್ತಿದ್ದರು, ಒಬ್ಬರು ಭುಜ ಹಿಡಿದುಕೊಂಡಿದ್ದರು, ಒಬ್ಬರು ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ಸಮಾಧಾನ ಮಾಡುತ್ತಿದ್ದರು. ಎದುರಿಗಿದ್ದವನು ಮಚ್ಛೆಯ ಯಾವುದೋ ಕಾರಖಾನೆಯ ಗಟ್ಟಿಮುಟ್ಟಾದ ಆಳು. ಕೆಳಗೆ ಬಿದ್ದ ಚೀಟಿ ಎತ್ತಲು ಬಗ್ಗಿದವನು ಅರ್ಧಕ್ಕೇ ನಿಂತುಬಿಟ್ಟ.

"ಯಪ್ಪಾ! ಚಳಕ ಹಿಡೀತಲ್ಲೋ!"

ಅಷ್ಟೇ ಸಾಕಾಯಿತು. ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಚಪ್ಪಲಿಯಿಂದ ಹೊರಗೆ ಬಂದು, ಹಿಮ್ಮಡಿ ಎತ್ತಿ, ಸಿದ್ಧವಾಗಿ ನಿಂತಿತು.

"ಮಾಂವಾ, ಕಾಲಿಗೆ ಏನಾತ್ರಿ?" ಎಂದಳು ಪಕ್ಕದಲ್ಲಿದ್ದ ಸೊಸೆ.

"ಏನಿಲ್ಲವಾ, ಇರುವಿ ಕಡೀತು," ಎಂದೆ.

ಎಂಬತ್ತು ದಾಟಿದ ಮೇಲೂ ಆ ಕಾಲಿನ ವಿಷಯದಲ್ಲಿ ನನ್ನ ಬಾಯಿಂದ ಮೊದಲು ಬರುವುದು ಸುಳ್ಳೇ. ಮನೆಗೆ ಬಂದು ಕಾಗದ ತೆಗೆದೆ.

ಬೆನ್ನಿನಲ್ಲೋ ಸೊಂಟದಲ್ಲೋ ನರ ಹಿಡಿದಂತಾಗಿ ಮನುಷ್ಯ ಅರ್ಧಕ್ಕೆ ನಿಲ್ಲುವ ನೋವಿಗೆ ನಮ್ಮಲ್ಲಿ ಚಳಕು ಎನ್ನುತ್ತಾರೆ. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರಿಗೆ ಪಾಯಾಳು ಎನ್ನುತ್ತಾರೆ. ಖಾನಾಪುರದ ಕಡೆ ನಾವು ಮರಾಠಿಯಿಂದ ಎಷ್ಟೋ ಮಾತು ಎತ್ತಿಕೊಂಡಿದ್ದೇವೆ, ಇದೂ ಹಾಗೆಯೇ ಬಂದದ್ದು. ಚಳಕಿಗೂ ಪಾಯಾಳುವಿಗೂ ಹಳೆಯ ಹಗೆ. ನೋವು ಹಿಡಿದವರು ಬೋರಲು ಮಲಗಬೇಕು, ಪಾಯಾಳು ಬಲಗಾಲಿನ ಹಿಮ್ಮಡಿಯಿಂದ ಮೂರು ಸಲ ಒದೆಯಬೇಕು. ಚಳಕು ಎದ್ದು ಓಡುತ್ತದೆ. ಈಗಿನವರು ನಗಬಹುದು. ಮುಲಾಮು ಹಚ್ಚಿ ಹದಿನೈದು ದಿನ ಕಾಯುವವರನ್ನು ಕಂಡು ನಾನೂ ನಗುತ್ತೇನೆ.

ಖಾನಾಪುರದಲ್ಲಿ ಆಗ ಪಾಯಾಳು ಎಂದರೆ ನಾನು.

ಏಳನೆಯ ವಯಸ್ಸಿಗೆಲ್ಲ ನನ್ನ ಕಾಲಿನ ಕೀರ್ತಿ ನನಗಿಂತ ಎತ್ತರ ಬೆಳೆದಿತ್ತು. ಊರಿನ ದೊಡ್ಡ ಮನುಷ್ಯರೆಲ್ಲ ಒಂದಲ್ಲ ಒಂದು ದಿನ ನನ್ನ ಮುಂದೆ ಅಂಗಾತ ಅಲ್ಲ, ಬೋರಲು ಬಿದ್ದವರೇ. ಮುಖ ನೋಡಿ ಜನರನ್ನು ಅಳೆಯುವುದು ಕಲಿಯುವ ಮೊದಲೇ ಬೆನ್ನು ನೋಡಿ ಅಳೆಯುವುದನ್ನು ಕಲಿತೆ. ಊರ ಲೆಕ್ಕ ಬರೆಯುವ ತಲಾಠಿಯ ಬೆನ್ನು ದಿಂಬಿನಂತಿತ್ತು, ಒದ್ದರೆ ಕಾಲೇ ಒಳಗೆ ಹೋಗುತ್ತಿತ್ತು. ಮಠದ ಅಯ್ಯನವರ ಬೆನ್ನು ಒಗೆಯುವ ಕಲ್ಲು. ನಮ್ಮ ಕನ್ನಡ ಶಾಲೆಯ ಮಾಸ್ತರರು ಸೋಮವಾರ ಮಗ್ಗಿ ತಪ್ಪಿದ್ದಕ್ಕೆ ನನಗೆ ಛಡಿ ಏಟು ಕೊಟ್ಟರು. ಗುರುವಾರ ಅವರನ್ನೇ ಇಬ್ಬರು ಹಿಡಿದು ನಮ್ಮ ಪಡಸಾಲೆಗೆ ತಂದು ಮಲಗಿಸಿದರು.

"ಲೇ, ಸಿಟ್ಟ ಇಟಗೊಂಡ ಒದಿಬ್ಯಾಡ ಮತ್ತ," ಎಂದರು ನೆಲಕ್ಕೆ ಗಲ್ಲ ಹಚ್ಚಿ.

"ಇಲ್ರಿ ಸರ್," ಎಂದೆ. ಇಟ್ಟುಕೊಂಡೇ ಒದ್ದೆ. ಮರುದಿನ ಅವರು ನೆಟ್ಟಗೆ ನಡೆದು ಶಾಲೆಗೆ ಬಂದರು. ಅದಕ್ಕಿಂತ ದೊಡ್ಡ ಗೆಲುವನ್ನು ಆ ವಯಸ್ಸಿನಲ್ಲಿ ಯಾರಿಗೂ ಯಾವ ದೇವರೂ ಕೊಟ್ಟಿರಲಾರ.

ಒಂಟಿ ಕಾಲ ಮೇಲೆ ನಿಂತು ಒದೆಯುವಾಗ ಆಯ ತಪ್ಪಿ ರೋಗಿಯ ಮೇಲೆ ಬೀಳುವ ಭಯ ಇರುತ್ತದೆ. ಅದಕ್ಕಾಗಿ ನನ್ನ ಎಡಗೈಯನ್ನು ನನ್ನ ತಂಗಿ ಹಿಡಿದುಕೊಳ್ಳುತ್ತಿದ್ದಳು. ತಂಗಿ ಎಂದರೆ ಜೊತೆಗೆ ಹುಟ್ಟಿದವಳು, ನನಗಿಂತ ಅರ್ಧ ತಾಸು ಚಿಕ್ಕವಳು. ಆ ಅರ್ಧ ತಾಸಿನ ಹಿರಿತನವನ್ನು ನಾನು ಬಾಳಿನುದ್ದಕ್ಕೂ ಪಟೇಲಕಿಯ ಹಾಗೆ ಚಲಾಯಿಸಿದೆ. ಅವಳು ಬರೀ ಕೈ ಹಿಡಿದು ನಿಲ್ಲುವವಳಲ್ಲ. ಮಲಗಿದವರನ್ನು ಬಗ್ಗಿ ಬಗ್ಗಿ ಕೇಳುತ್ತಿದ್ದಳು.

"ಕಾಕಾ, ಬಗ್ಗಿದ್ರ ಅಷ್ಟ ಬ್ಯಾನೀನೋ, ಸುಮ್ಕ ಕುಂತ್ರೂ ಬ್ಯಾನೀನೋ? ಬೆರಳಿಟ್ಟು ತೋರಸ್ರಿ, ಎಲ್ಲಿ?"

"ನಿನಗ್ಯಾಕ ಬೇಕ ಅದು? ಕೈ ಹಿಡಿ ಸಾಕು," ಎನ್ನುತ್ತಿದ್ದೆ ನಾನು.

ಒದೆತ ಮುಗಿದ ಮೇಲೆ ನಾನು ಅವರು ಕೊಟ್ಟ ಬೆಲ್ಲ ಚೀಪುತ್ತ ಕೂರುತ್ತಿದ್ದೆ. ಅವಳು ಮಾತ್ರ ಮರುದಿನ ಅವರ ಮನೆಯ ಮುಂದೆ ಹಾದು, ಯಾರು ಎದ್ದರು, ಯಾರು ಏಳಲಿಲ್ಲ ಎಂದು ನೋಡಿಕೊಂಡು ಬರುತ್ತಿದ್ದಳು. ಎದ್ದವರ ಸುದ್ದಿ ಮಾತ್ರ ನನಗೆ ಬೇಕಿತ್ತು. ಏಳದವರ ಸುದ್ದಿಯನ್ನು ಅವಳು ತನ್ನಲ್ಲೇ ಇಟ್ಟುಕೊಂಡಳು.

ಮುಂದೆ ನಾನು ಹೈಸ್ಕೂಲಿಗೆಂದು ಬೆಳಗಾವಿಗೆ ಹೋದೆ. ಅಲ್ಲಿ ಎರಡು ಭಾಷೆಯ ಬೆನ್ನುಗಳನ್ನು ಒದೆಯುವ ಅವಕಾಶ ಸಿಕ್ಕಿತು. ಆದರೆ ಏನು ಕಾರಣವೋ, ಹತ್ತರಲ್ಲಿ ಆರು ಜನ ಎದ್ದರೆ ಹೆಚ್ಚು. ಬೆಳಗಾವಿಯ ನೀರು ನನ್ನ ಕಾಲಿಗೆ ಒಗ್ಗುವುದಿಲ್ಲ ಎಂದು ಹೇಳಿಕೊಂಡು ತಿರುಗಿದೆ. ಎಡಗೈ ಹಿಡಿಯುವವಳು ಅಲ್ಲಿರಲಿಲ್ಲ ಎಂಬುದು ಹೊಳೆಯಲಿಲ್ಲ.

ಹೊಳೆಯಿಸಿದವಳು ಅವ್ವ. ತಂಗಿಯನ್ನು ನಂದಗಡಕ್ಕೆ ಕೊಡುವುದೆಂದು ಗೊತ್ತಾಯಿತು. ಮದುವೆಯ ಹಿಂದಿನ ದಿನ ಅವ್ವ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಪಾಯಾಳು ನೀ ಅಲ್ಲಪಾ, ತಮ್ಮಾ," ಎಂದಳು ನನಗೆ. "ನೀ ಎಲ್ಲಾರ ಹಂಗ ತೆಲಿ ಮುಂದ ಮಾಡೇ ಬಂದಿ. ಕಾಲ ಮುಂದ ಮಾಡಿ ಬಂದಾಕಿ ಇಕಿ. ಗಂಡಸಾದ್ರ ಪಾಯಾಳು ಅಂತ ಕರದು ಬೆಲ್ಲಾ ಕೊಡ್ತಾರ. ಹೆಣ್ಣಾದ್ರ ಕೊಟ್ಟ ಮನಿ ಒದಿಯಾಕ ಬಂದಾಳ ಅಂತಾರ, ಬಾಗಲಕ್ಕ ಸಿಡ್ಲ ಕರೀತಾಳ ಅಂತಾರ. ಅದಕ್ಕ ಸೂಲಗಿತ್ತಿ ಕೈ ಹಿಡದು ಇಕೀದು ನಿನ್ನ ಮ್ಯಾಲ ಹಾಕ್ದೆ. ಇನ್ನ ಈ ಮಾತು ಈ ಒಲಿ ಮುಂದ ಸುಟ್ಟ ಹೋಗಲಿ."

ಇಬ್ಬರಿಂದಲೂ ವಿಭೂತಿ ಮುಟ್ಟಿಸಿ ಆಣೆ ಹಾಕಿಸಿದಳು. ತಂಗಿ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕಳು. "ಹಂಗಾರ ಅಷ್ಟೂ ಬೆಲ್ಲ ನನ್ದಲ್ಲೋ ಅಣ್ಣಾ!"

ನನಗೆ ನಗು ಬರಲಿಲ್ಲ. ಹದಿನಾರು ವರ್ಷ ರಾಜನಾಗಿದ್ದವನಿಗೆ ಕಿರೀಟ ಪಕ್ಕದ ಮನೆಯದು ಎಂದು ಹೇಳಿದಂತಾಗಿತ್ತು. ಆದರೂ ಕಿರೀಟ ತೆಗೆದಿಡಲಿಲ್ಲ. ಗೊತ್ತಿದ್ದೂ ಒದೆಯುತ್ತಲೇ ಹೋದೆ. ನನ್ನ ಮೊದಲ ತಪ್ಪು ಅದು. ಆದರೆ ಇವತ್ತು ಕಾಗದ ತೆಗೆದದ್ದು ಅದಕ್ಕಲ್ಲ.

ಮೂರು ನಾಲ್ಕು ವರ್ಷ ಕಳೆದಿರಬೇಕು. ಶ್ರಾವಣ. ನಾಗರಪಂಚಮಿಗೆ ತಂಗಿಯನ್ನು ತವರಿಗೆ ಕರೆದುಕೊಂಡು ಬರಲು ನಾನು ನಂದಗಡಕ್ಕೆ ಹೋದೆ. ಆಗ ನಾನು ಮ್ಯಾಟ್ರಿಕ್ ಮುಗಿಸಿ, ಕೋಟು ಹಾಕಿ, ಮೀಸೆಗೆ ಎಣ್ಣೆ ಹಚ್ಚುವ ಇಪ್ಪತ್ತರ ಪ್ರಾಯದವನು. ಅವಳ ಮನೆಯ ಅಂಗಳದಲ್ಲಿ ಸಂತೆಗೆ ಬಂದ ಜನ ನೆರೆದಿದ್ದರು. ತಂಗಿಯ ಮಾವ ಅಡಿವೆಪ್ಪನವರು ಪಡಸಾಲೆಯಲ್ಲಿ ಹಾಸಿಗೆ ಹಿಡಿದು ಹತ್ತು ದಿನವಾಗಿತ್ತು. ಅಡಿವೆಪ್ಪ ಮಾವ ಎಂದರೆ ಎರಡು ಆಳಿನ ಕೆಲಸ ಒಬ್ಬರೇ ಮಾಡಿ ನಾಲ್ಕು ಆಳಿನ ಮಾತು ಒಬ್ಬರೇ ಆಡುವವರು. ಮಳೆಯಲ್ಲಿ ನೆನೆದು ಭತ್ತದ ಸಸಿಯ ಹೊರೆ ಹೊತ್ತು ಬಂದ ಮರುದಿನ ಬಲ ಬೆನ್ನಿಗೆ ನೋವು ಹಿಡಿದಿತ್ತು. ಹೊರೆ ಹೊತ್ತವನಿಗೆ ಬೆನ್ನು ನೋವು ಬಂದರೆ ಇಡೀ ಊರಿಗೆ ಅದರ ಹೆಸರು ಗೊತ್ತು: ಚಳಕು. ಉಸುಕಿನ ಗಂಟು ಕಾಯಿಸಿ ಇಟ್ಟರು, ಎಣ್ಣೆ ತಿಕ್ಕಿದರು. ಹೋಗಲಿಲ್ಲ.

ನನ್ನನ್ನು ಕಂಡದ್ದೇ ತಂಗಿಯ ಅತ್ತೆ ಎದ್ದುಬಂದರು. "ಬಂದ್ಯಾ ನಮ್ಮಪ್ಪಾ! ದೇವರ ಕಳಿಸಿದಂಗ ಬಂದಿ. ಕೋಟ ಆಮ್ಯಾಲ ತಗೀವಂತಿ, ಮೊದಲ ಕಾಲ ತೊಳಕೊ."

ಒಳಬಾಗಿಲ ಹತ್ತಿರ ತಂಗಿ ನಿಂತಿದ್ದಳು. ನಾನು ಹಾದುಹೋಗುವಾಗ ಮೆಲ್ಲಗೆ ಅಂದಳು: "ಅಣ್ಣಾ, ಒದಿಬ್ಯಾಡ. ಇದು ಬೆನ್ನಿಂದಲ್ಲ. ಮಾಂವಾರ ಉಸುರ ನೋಡು."

ನೋಡಬಹುದಿತ್ತು. ಉಸಿರು ಗುಬ್ಬಿಯ ಉಸಿರಿನಂತೆ ಮೇಲಿಂದ ಮೇಲೆ ಬರುತ್ತಿತ್ತು, ಹಣೆ ಕಾದಿತ್ತು. ಆದರೆ ಅಂಗಳದಲ್ಲಿ ಮೂವತ್ತು ಜನ ನನ್ನ ಕಾಲನ್ನೇ ನೋಡುತ್ತಿದ್ದರು. ಮೂವತ್ತು ಜನ ನೋಡುತ್ತಿರುವ ಕಾಲಿಗೆ ಕಿವಿ ಕೇಳುವುದಿಲ್ಲ.

"ನೀ ಒಳಗ ಹೋಗು," ಎಂದೆ ಅವಳಿಗೆ. ಧೋತರ ಎತ್ತಿ ಕಟ್ಟಿ ಒದ್ದೆ.

ಮೂರು ಒದೆತ ಇರಲಿ, ಎರಡನೆಯದಕ್ಕೂ ಹೋಗಲಿಲ್ಲ. ಮಾವ ಕೂಗಿದ ಕೂಗಿಗೆ ಅಂಗಳದ ಎತ್ತು ಹಗ್ಗ ಹರಿದುಕೊಂಡಿತು. ಆಮೇಲೆ ಕೆಮ್ಮು, ಆಮೇಲೆ ಉಸಿರು ಸಿಗದೆ ಬಾಯಿ ಬಿಟ್ಟು ಒದ್ದಾಟ. ತುಟಿ ಕಪ್ಪಿಟ್ಟಿತು. ನಾಲ್ಕು ಜನ ಎತ್ತಿ ಕೂರಿಸಿದರು. ಅತ್ತೆ ನನ್ನ ಕೋಟಿನ ಕಾಲರು ಹಿಡಿದರು.

"ಏನ ಮಾಡಿದ್ಯೋ ಮೂಳಾ! ಎಂಥಾ ಪಾಯಾಳೋ ನೀನು! ಕಾಲಾಗ ವಿಷ ಇಟಗೊಂಡ ಬಂದೀಯೇನು?"

ಆಗ ನನ್ನ ಬಾಯಿಂದ ಬಂದ ಮಾತೇ ಇಷ್ಟು ವರ್ಷ ಗಂಟಲಲ್ಲಿ ಉಳಿದದ್ದು.

"ಪಾಯಾಳು ನಾ ಅಲ್ರೀ!" ಎಂದು ಒದರಿದೆ. "ಪಾಯಾಳು ಆಕಿ! ನಿಮ್ಮ ಸೊಸಿ! ನಮ್ಮವ್ವ ಮುಚ್ಚಿಟ್ಟಾಳ!"

ಬೆರಳು ಮಾಡಿ ತೋರಿಸಿದೆ. ಆ ಬೆರಳಿನ ತುದಿಯಲ್ಲಿ ನನ್ನ ಕೈ ಹಿಡಿದು ಬೆಳೆದವಳು ನಿಂತಿದ್ದಳು. ಅವಳು ನನ್ನನ್ನು ಬಯ್ಯಲಿಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು, ಅಷ್ಟೇ.

ಯಾರೋ ಮುದುಕಿ "ಹಂಗಾರ ಇಕೀ ಕಾಲ್ಗುಣಾನ ಇದು," ಎಂದಳು. ಅತ್ತೆ ಒಮ್ಮೆ ಸೊಸೆಯನ್ನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಗಂಡ ಹೋಗುತ್ತಿದ್ದಾನೆ ಎಂಬ ಭಯ, ಸೊಸೆಯ ಮೇಲಿನ ಸಿಟ್ಟಿಗಿಂತ ದೊಡ್ಡದಾಗಿತ್ತು.

"ಖರೇ ಪಾಯಾಳು ನೀನ ಆದ್ರ ಬಾ ಇಲ್ಲಿ. ನೀನ ಒದಿ!"

ಸೊಸೆ ಮಾವನ ಬೆನ್ನಿಗೆ ಕಾಲು ಹಚ್ಚುವುದು! ಬೇರೆ ದಿನವಾಗಿದ್ದರೆ ಊರು ಬಿಡಿಸುತ್ತಿದ್ದರು. ತಂಗಿ ಬಂದಳು. ಕಾಲೆತ್ತಲಿಲ್ಲ. ಮಾವನ ಹಿಂದೆ ಮೊಣಕಾಲೂರಿ ಕೂತು, ಎಡ ಅಂಗೈಯನ್ನು ಬೆನ್ನಿನ ಮೇಲೆ ಹರಡಿ, ಬಲಗೈಯ ಬೆರಳ ಗೆಣ್ಣಿನಿಂದ ಅದರ ಮೇಲೆ ಬಾರಿಸಿದಳು. ಮೊದಲು ಎಡಗಡೆ, ಆಮೇಲೆ ಬಲಗಡೆ. ಮೇಲೆ, ಕೆಳಗೆ. ಅಂಗಳವೆಲ್ಲ ಆ ಸದ್ದು ಕೇಳಿತು. ಎಡಗಡೆ ಟೊಣ್ ಟೊಣ್. ಬಲಗಡೆ ಕೆಳಗೆ ಬಂದಂತೆ ದಬ್, ದಬ್.

"ಅತ್ತಿ, ಕೇಳ್ರಿ," ಎಂದಳು. "ಈ ಬಾಜು ಖಾಲಿ ಹರವಿ, ನೀರಿಲ್ಲದ ಕೊಡ ಇದ್ದಂಗ. ಈ ಬಾಜು ತುಂಬಿದ ಹರವಿ. ಮಾಂವಾರ ಎದಿಗೂಡಿನ್ಯಾಗ ನೀರ ನಿಂತೈತಿ. ಚಳಕ ಆಗಿದ್ರ ಬಗ್ಗಿದಾಗ ಬ್ಯಾನಿ ಆಗಬೇಕು, ಒತ್ತಿದ್ರ ಇಲ್ಲೇ ಅಂತ ಬೆರಳಿಡಬೇಕು. ಇವರಿಗೆ ಮೊದಲ ದಿನದಿಂದ ಉಸುರ ಎಳಕೊಂಡ್ರ ಚುಚ್ಚತೈತಿ. ಜ್ವರಾ ಬಿಟ್ಟಿಲ್ಲ. ಇದನ್ನ ಒದ್ರ ಹರವಿ ಒಡೀತೈತಿ. ನಾ ಒದಿಯಂಗಿಲ್ಲ. ಗಾಡಿ ಕಟ್ರಿ, ಬೆಳಗಾವಿ ದವಾಖಾನಿಗೆ ಒಯ್ಯೂಣು."

"ಒಯ್ಯೂ ದಾರ್ಯಾಗ ಏನರ ಆದ್ರ?" ಎಂದರು ಅತ್ತೆ. "ಮನ್ಯಾಗಿನ ದೇವರ ಬಿಟ್ಟು, ಊರ ಬಿಟ್ಟು... ಏನರ ಆತಂದ್ರ ನೀ ಮತ್ತ ಈ ಹೊಸ್ತಲಾ ತುಳಿಬ್ಯಾಡ."

"ಆಗಲ್ರಿ," ಎಂದಳು.

ಮಾವ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಎರಡು ಮಾತು ಆಡಿದರು. "ಆಕಿ ಹೇಳಿದಂಗ... ಮಾಡ್ರಿ."

ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ. ಆ ಹೊತ್ತಿಗೆ ಅವನು ಗಾಡಿ ಹೂಡಿ ಮುಗಿಸಿದ್ದ. ಚಾಪೆಯ ಕಮಾನು ಕಟ್ಟಿದ ಗಾಡಿಯಲ್ಲಿ ಜಿನುಗು ಮಳೆಯಲ್ಲಿ ಖಾನಾಪುರ ಮುಟ್ಟಿದೆವು, ಅಲ್ಲಿಂದ ರೈಲು. ಮಾವನನ್ನು ಮಲಗಿಸದೆ, ಮುಂದೆ ದಿಂಬಿಟ್ಟು ಬಾಗಿಸಿ, ದಾರಿಯುದ್ದಕ್ಕೂ ತಂಗಿ ಹಿಡಿದುಕೊಂಡೇ ಕೂತಳು. ಎದುರಿನ ಹಲಗೆಯ ಮೇಲೆ ನಾನು. ರೈಲು ದೇಸೂರು ದಾಟುವಾಗ "ತಂಗಿ," ಎಂದೆ. ಅವಳು ತಲೆಯೆತ್ತಿದಳು. ಮುಂದಿನ ಮಾತು ನಾಲಿಗೆಯ ಮೇಲೆ ಇತ್ತು. "ನೀರ ಬೇಕೇನು?" ಎಂದೆ.

"ಬ್ಯಾಡ. ಸುಮ್ಕ ಕುಂದರು," ಎಂದಳು.

ನನ್ನ ಜನ್ಮದಲ್ಲಿ ನಾನು ಅಷ್ಟು ವಿಧೇಯನಾಗಿ ಯಾರ ಮಾತನ್ನೂ ಕೇಳಿಲ್ಲ. ಅರವತ್ತು ವರ್ಷ ಸುಮ್ಮನೆ ಕೂತೆ.

ಬೆಳಗಾವಿಯ ದವಾಖಾನೆಯ ಡಾಕ್ಟರರು ಪುಣೆ ಕಡೆಯವರು, ಸಣ್ಣ ಮೈಯ, ಚುರುಕು ಕಣ್ಣಿನ ಮನುಷ್ಯ. ಕನ್ನಡ ಅಷ್ಟಕ್ಕಷ್ಟೆ. "ಪಾಠ ದುಖತೇ ಕಾ?" ಎಂದರು. ಮರಾಠಿಯಲ್ಲಿ ಬೆನ್ನಿಗೆ ಪಾಠ ಎನ್ನುತ್ತಾರೆ. ಮಾವನಿಗೆ ಮರಾಠಿ ನೀರು ಕುಡಿದಂತೆ ಬರುತ್ತಿತ್ತು. ಆದರೂ ಆ ಸ್ಥಿತಿಯಲ್ಲಿ, ಅಷ್ಟು ಸಣ್ಣ ಉಸಿರಿನಲ್ಲಿ ಅಂದರು:

"ಪಾಠ... ನನಗ ಬರೂದಿಲ್ರಿ. ನಾ ಸಾಲಿ... ಕಲತಿಲ್ಲ."

ತಂಗಿಯ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಕಂಡಿತು. ತಮಾಷೆ ಮಾಡುವ ಮಾವ ಇನ್ನೂ ಒಳಗೆ ಇದ್ದಾರೆ ಎಂದಾಯಿತು.

ಡಾಕ್ಟರರು ಅಂಗಿ ಎತ್ತಿಸಿದರು. ಬೆನ್ನಿನ ಮೇಲೆ ಕೆಂಪಗೆ ಹಿಮ್ಮಡಿಯ ಗುರುತು ಎದ್ದಿತ್ತು. "ಹೇ ಕಾಯ? ಇದೇನು? ಯಾರು ಒದ್ದದ್ದು?"

ನಾನು ಗೋಡೆಯೊಳಗೆ ಹೋಗಲು ಜಾಗ ಹುಡುಕಿದೆ.

"ಎತ್ತ ಒದ್ದೈತ್ರಿ," ಎಂದರು ಮಾವ.

"ಎತ್ತಾ? ಎಂಥ ಎತ್ತು?"

"ಸಾಲಿ ಕಲ್ತ... ಎತ್ತರಿ."

ಆಮೇಲೆ ಡಾಕ್ಟರರು ಎಡ ಅಂಗೈಯನ್ನು ಮಾವನ ಬೆನ್ನಿನ ಮೇಲೆ ಹರಡಿದರು. ಬಲಗೈಯ ಬೆರಳಿನಿಂದ ಅದರ ಮೇಲೆ ಬಾರಿಸತೊಡಗಿದರು. ಟೊಣ್ ಟೊಣ್. ದಬ್ ದಬ್. ತಂಗಿ ಮೈಮರೆತು ಒಂದು ಹೆಜ್ಜೆ ಮುಂದೆ ಬಂದು ಗಂಡನಿಗೆ ಅಂದಳು:

"ಅಯ್ಯ, ನೋಡ್ರಿ! ಇವರೂ ಹರವಿ ಬಾರಸ್ತಾರ!"

ಡಾಕ್ಟರರ ಬೆರಳು ನಿಂತಿತು. "ಇವರೂ ಅಂದರೆ? ಇನ್ನು ಯಾರು ಬಾರಿಸಿದರು?" ನಡೆದದ್ದನ್ನು ನಾನೇ ಮರಾಠಿಯಲ್ಲಿ ಹೇಳಬೇಕಾಯಿತು. ಒದ್ದ ಭಾಗವೊಂದು ಬಿಟ್ಟು. ಡಾಕ್ಟರರು ಅವಳನ್ನು ಮಾತಾಡಿಸಿದರು. ಎಲ್ಲಿ ಕಲಿತೆ ಎಂದು ಕೇಳಿದರು.

"ಕಲಿಯೂದ ಏನೈತ್ರಿ ಇದರಾಗ?" ಎಂದಳು ಅವಳು. "ಅಡಗಿಮನ್ಯಾಗ ಕತ್ತಲ ಇರತೈತಿ. ಹರವಿಯೊಳಗ ನೀರ ಎಷ್ಟೈತಿ ಅಂತ ಕಾಣಂಗಿಲ್ಲ. ಬಾರಿಸಿದ್ರ ಎಲ್ಲಿತನಕ ತುಂಬೈತಿ ಅಂತ ಅದ ಹೇಳತೈತಿ. ಎಲ್ಲಾ ಹೆಣಮಕ್ಕಳಿಗೂ ಗೊತ್ರಿ."

ಡಾಕ್ಟರರು ನೀಲಿ ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು. "ಎಲ್ಲಿಯ ತನಕ ನೀರು? ಗೆರೆ ಎಳೆ." ಅವಳು ಮಾವನ ಮುಖ ನೋಡಿದಳು. ಮಾವ ತಲೆಯಾಡಿಸಿದರು. ಬಾರಿಸುತ್ತ ಬಾರಿಸುತ್ತ ಮೇಲೆ ಹೋಗಿ ಒಂದು ಕಡೆ ನಿಂತು ಅಡ್ಡ ಗೆರೆ ಎಳೆದಳು. ಡಾಕ್ಟರರು ಆ ಗೆರೆಯನ್ನು ನೋಡದೆ, ಕಣ್ಣು ಮುಚ್ಚಿ, ತಾವು ಬಾರಿಸಿ ತಮ್ಮ ಗೆರೆ ಎಳೆದರು. ಎರಡು ಗೆರೆಗಳ ನಡುವೆ ಒಂದು ಬೆರಳಿನ ಅಂತರವೂ ಇರಲಿಲ್ಲ. ಡಾಕ್ಟರರು ಹೊರಗೆ ಹೋಗಿ ಕಂಪೌಂಡರನನ್ನೂ ಇನ್ನಿಬ್ಬರನ್ನೂ ಕರೆತಂದು ಆ ಬೆನ್ನನ್ನು ತೋರಿಸಿದರು. ನಾನು ಊರ ಬೆನ್ನುಗಳನ್ನೆಲ್ಲ ಒದ್ದು ಗಳಿಸಿದ ಕೀರ್ತಿ ಆ ಒಂದು ನೀಲಿ ಗೆರೆಯ ಮುಂದೆ ಸಪ್ಪಗಾಯಿತು. ಈಗ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಮೊದಲು ಬಂದದ್ದು ಹೆಮ್ಮೆಯಲ್ಲ, ಹೊಟ್ಟೆಕಿಚ್ಚು. ಹೆಮ್ಮೆ ಅದರ ಹಿಂದೆ ಬಂತು, ಆದರೆ ಬಂದ ಹೆಮ್ಮೆ ಮತ್ತೆ ಹೋಗಲಿಲ್ಲ.

ದಪ್ಪ ಸೂಜಿ ಚುಚ್ಚಿದರು. ಬಾಟಲಿಗೆ ಒಣಹುಲ್ಲಿನ ಬಣ್ಣದ ನೀರು ಇಳಿಯಿತು. ಇಳಿಯುತ್ತಲೇ ಇತ್ತು. ಅದು ಇಳಿದಂತೆ ಮಾವನ ಹೆಗಲು ಇಳಿಯಿತು, ತುಟಿಗೆ ಬಣ್ಣ ಬಂತು. ಕೊನೆಗೆ ಅವರು ಒಂದು ದೊಡ್ಡ ಉಸಿರು ತೆಗೆದುಕೊಂಡರು. ಉಸಿರು ತೆಗೆದುಕೊಳ್ಳುವುದನ್ನು ಹಬ್ಬದ ಹಾಗೆ ನೋಡಿದ್ದು ನಾನು ಅದೊಂದೇ ಸಲ. ಸೇದಿದರು, ಹಿಡಿದರು, ಬಿಟ್ಟರು. ಮತ್ತೆ ಸೇದಿದರು.

"ಏನನಸತೈತ್ರಿ ಮಾಂವಾ?" ಎಂದಳು ತಂಗಿ.

"ಹಸುವಾಗೈತವಾ," ಎಂದರು. "ಪಂಚಮಿ ಉಂಡಿ ತಂದೀ ಇಲ್ಲೋ?"

ಮೂರು ವಾರ ಅಲ್ಲೇ ಇದ್ದರು. ಆಮೇಲೆ ತಿಂಗಳುಗಟ್ಟಲೆ ಹಾಲು, ವಿಶ್ರಾಂತಿ. ಮಾತಾಡದೆ ಇರಬೇಕು ಎಂಬ ಡಾಕ್ಟರರ ಒಂದೇ ಪಥ್ಯವನ್ನು ಮಾತ್ರ ಪಾಲಿಸಲಿಲ್ಲ. ಅಡಿವೆಪ್ಪ ಮಾವ ಅದಾದ ಮೇಲೆ ಇಪ್ಪತ್ತೆರಡು ಸುಗ್ಗಿ ಕಂಡರು.

ದವಾಖಾನೆಯಿಂದ ನಂದಗಡಕ್ಕೆ ಮರಳಿದ ದಿನವನ್ನು ಮಾತ್ರ ನಾನು ಮರೆಯಲಾರೆ. ಗಾಡಿ ಅಂಗಳದಲ್ಲಿ ನಿಂತಿತು. ಮಾವ ತಾವೇ ಇಳಿದರು. ಜನ ಹೋ ಎಂದರು. ತಂಗಿ ಮಾತ್ರ ಗಾಡಿಯ ಹಿಂದೆ ನಿಂತಳು. ಹೊಸ್ತಿಲ ಮಾತು ಅವಳಿಗೆ ನೆನಪಿತ್ತು. ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ಹಿತ್ತಾಳೆಯ ಸೇರು, ಅದರ ತುಂಬ ಅಕ್ಕಿ. ಮದುಮಗಳು ಮೊದಲ ಸಲ ಗಂಡನ ಮನೆಗೆ ಬಂದಾಗ ಹೊಸ್ತಿಲ ಮೇಲೆ ಸೇರು ಇಡುತ್ತಾರಲ್ಲ, ಬಲಗಾಲಿನಿಂದ ಅದನ್ನು ಒದ್ದು ಅಕ್ಕಿ ಚೆಲ್ಲಿ ಒಳಗೆ ಬರಬೇಕಲ್ಲ, ಹಾಗೆ ಆ ಸೇರನ್ನು ಹೊಸ್ತಿಲ ನಡುವೆ ಇಟ್ಟರು.

"ಬಾ," ಎಂದರು. "ಆವತ್ತ ಹಗರಕ ಒದ್ದಿದ್ದಿ, ಹೊಸಬಿ ಇದ್ದಿ. ಇವತ್ತ ಜೋರಲೆ ಒದಿ. ಪಾಯಾಳು ಕಾಲು ಅದು, ಊರಿಗೆಲ್ಲಾ ಗೊತ್ತಾಗಲಿ. ನನ್ನ ಮನಿ ಒದಿ ನನ್ನವ್ವಾ, ಅಕ್ಕಿ ಹಿತ್ತಲ ಮುಟ್ಟಬೇಕು!"

ತಂಗಿ ಅಳುತ್ತ ನಗುತ್ತ ಸೀರೆಯ ನಿರಿಗೆ ಎತ್ತಿ ಒದ್ದಳು. ಸೇರು ಠಣ್ಣನೆ ಹಾರಿ ಪಡಸಾಲೆಯ ಕಂಬಕ್ಕೆ ಬಡಿಯಿತು. ಅಕ್ಕಿ ದೇವರ ಕೋಣೆಯ ತನಕ ಚೆಲ್ಲಿತು. ಕೊಟ್ಟ ಮನೆಯನ್ನು ಒದೆಯುತ್ತಾಳೆ ಎಂಬ ಮಾತಿಗೆ ನಮ್ಮವ್ವ ಇಪ್ಪತ್ತು ವರ್ಷ ಹೆದರಿದ್ದಳು. ಆ ಮಾತು ಖರೆಯಾಯಿತು, ಆದರೆ ಹೀಗೆ.

ಅಂದಿನಿಂದ ನಂದಗಡದಲ್ಲಿ ಅವಳಿಗೆ ಹರವಿ ಅವ್ವ ಎಂದೇ ಹೆಸರು. ಸುತ್ತಲಿನ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು ಬಂದರು. ಅವಳು ಒದೆಯುತ್ತಿದ್ದಳು, ಇಲ್ಲವೆನ್ನಲಿಲ್ಲ. ಆದರೆ ಮೊದಲು ಕೇಳುತ್ತಿದ್ದಳು, ಒತ್ತುತ್ತಿದ್ದಳು, ಬಾರಿಸುತ್ತಿದ್ದಳು. ಬಗ್ಗಿ ಎದ್ದಾಗ ಮಾತ್ರ ಹಿಡಿಯುವ ಬೆನ್ನಿಗೆ ಮೂರು ಒದೆತ, ಎರಡು ದಿನ ಬಿಸಿ. ಉಂಡ ಮೇಲೆ ಎದೆ ಉರಿದು ಹುಳಿ ತೇಗು ಬರುವವರಿಗೆ "ನಿನ್ನ ಎದಿಗಲ್ಲಪಾ, ನಿನ್ನ ಮೆಣಸಿನಕಾಯಿಗೆ ಒದೀಬೇಕು" ಎಂದು ಬೈಗುಳ. ಮುಂಜಾನೆ ಬಿಗಿದುಕೊಂಡು ನಡೆದಾಡಿದ ಮೇಲೆ ಸಡಿಲುವ ಮುದುಕರ ಮೊಣಕಾಲಿಗೆ ಎಣ್ಣೆ, ಸಮಾಧಾನ. ಒಮ್ಮೆ ಸಂತೆಗೆ ಬಂದ ವ್ಯಾಪಾರಿಯೊಬ್ಬ ಬೆನ್ನು ತೋರಿಸಿ, ಒದಿಯವ್ವಾ ಎಂದು ಮಲಗಿದ. ಅವನ ಬೆವರು ತಣ್ಣಗಿತ್ತು, ನಡೆದರೆ ಎದೆಯ ನಡುವೆ ಕಲ್ಲು ಹೇರಿದಂತಾಗಿ ಎಡಗೈಗೆ ಇಳಿಯುತ್ತದೆ ಎಂದ. "ಏಳಬ್ಯಾಡ, ನಡೀಬ್ಯಾಡ," ಎಂದು ಅವನನ್ನು ಗಾಡಿಯಲ್ಲಿ ಮಲಗಿಸಿಯೇ ದವಾಖಾನೆಗೆ ಅಟ್ಟಿದಳು. ಎಳೆಯ ಮಕ್ಕಳಿಗೆ ಜ್ವರದ ಜೊತೆ ಇವತ್ತು ಮೊಣಕಾಲು, ನಾಳೆ ಮೊಣಕೈ ಎಂದು ಬಾವು ಜಾಗ ಬದಲಿಸಿದರೆ ಅವಳ ಮುಖ ಗಂಭೀರವಾಗುತ್ತಿತ್ತು. "ಸಂದಿನಿಂದ ಸಂದಿಗೆ ಜಿಗಿಯೂ ಬ್ಯಾನಿ ಕಡೀಕ ಎದ್ಯಾಗ ಹೋಗಿ ಕುಂದರತೈತಿ. ಒಯ್ರಿ ಲಗೂನ." ಇದನ್ನೆಲ್ಲ ಹೇಗೆ ತಿಳಿದೆ ಎಂದು ಕೇಳಿದೆ ಒಮ್ಮೆ. "ಏಳಲಾರದವರ ಮನಿ ಮುಂದ ಹಾದ ಬರ್ತಿದ್ನೆಲ್ಲೋ, ನೀ ಬೆಲ್ಲಾ ತಿನ್ನುವಾಗ," ಎಂದಳು.

ಬೆಳಗಾವಿಯ ಡಾಕ್ಟರರು ಅವಳ ಕಡೆಯಿಂದ ಬಂದ ರೋಗಿಗಳನ್ನು ಹೆಚ್ಚು ಕಾಯಿಸುತ್ತಿರಲಿಲ್ಲವಂತೆ. ಆ ಹೆಸರಿಗೆ ಅಷ್ಟು ಬೆಲೆ ಇತ್ತು.

ಈ ಕಥೆಯನ್ನು ನಾನು ಇಲ್ಲಿಯ ತನಕ ನೂರು ಸಲ ಹೇಳಿರಬಹುದು. ಸಾಲಿ ಕಲಿತ ಎತ್ತಿನ ಮಾತು ಬಂದಾಗ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ನನ್ನನ್ನು ನಾನೇ ಎತ್ತು ಎಂದು ಕರೆದುಕೊಳ್ಳುವಷ್ಟು ದೊಡ್ಡ ಮನಸ್ಸಿನವನು ಎಂದು ಹೊಗಳುತ್ತಿದ್ದರು. ಆದರೆ ಪ್ರತಿ ಸಲವೂ ಒಂದು ಕಡೆ ಕಥೆಯನ್ನು ತಿರುಗಿಸುತ್ತಿದ್ದೆ. "ಆಗ ತಂಗಿ ತಾನೇ ಮುಂದೆ ಬಂದು, ಪಾಯಾಳು ನಾನು ಎಂದಳು," ಎನ್ನುತ್ತಿದ್ದೆ. ಬೆರಳು ಮಾಡಿ ತೋರಿಸಿದವನನ್ನು ಕಥೆಯಿಂದ ತೆಗೆದುಬಿಟ್ಟಿದ್ದೆ. ನಮ್ಮ ಮಗನ ಮದುವೆಯಲ್ಲಿ ಹೀಗೆ ಹೇಳುವಾಗ ಅವಳು ಪಕ್ಕದಲ್ಲೇ ಕೂತಿದ್ದಳು. ಎಲ್ಲರ ಜೊತೆ ನಕ್ಕಳು. ಆಮೇಲೆ ನನ್ನ ತಟ್ಟೆಗೆ ಒಂದು ತುಂಡು ಬೆಲ್ಲ ಹಾಕಿದಳು.

ಪ್ರತಿ ಪಂಚಮಿಗೂ ಬರುತ್ತಿದ್ದಳು. ಹೊರಡುವ ಮುಂದೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಅಣ್ಣಾ, ಏನರ ಹೇಳೂದೈತೇನು?"

"ಉಂಡಿ ಚಲೋ ಆಗಿದ್ದುವು," ಎನ್ನುತ್ತಿದ್ದೆ.

ನಾಲ್ವತ್ತು ಪಂಚಮಿಗೂ ಮಿಕ್ಕಿ ಹೀಗೇ ಹೋದವು. ಅರ್ಧ ತಾಸಿನ ಹಿರಿತನ ಅಷ್ಟು ಎತ್ತರ, ಇಳಿಯಲು ನನಗೆ ಮೆಟ್ಟಿಲು ಸಿಗಲಿಲ್ಲ. ಅವಳು ತೀರಿಕೊಂಡಾಗ ನಂದಗಡದ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಪದ್ಧತಿಯಂತೆ ಕೂರಿಸಿ, ಹೂ ಹೊದಿಸಿ ಒಯ್ದರು. ಒದೆತ ತಿಂದವರೆಲ್ಲ ಸಾಲಾಗಿ ಬಂದು ಆ ಬಲಗಾಲಿಗೆ ಹಣೆ ಮುಟ್ಟಿಸಿದರು. ಅಂಥ ಮೆರವಣಿಗೆ ಯಾವ ದೇಸಾಯಿಗೂ ಸಿಕ್ಕಿರಲಿಕ್ಕಿಲ್ಲ. ನಾನೂ ಬಗ್ಗಿದೆ. ಸಾಲಿನಲ್ಲಿ ಬಗ್ಗಿದ್ದು ಕ್ಷಮೆ ಕೇಳಿದಂತಲ್ಲ.

ಮನೆಯಲ್ಲಿ ಅವಳನ್ನು ತಂಗಿ ಎಂದೆವು, ಗಂಡನ ಮನೆಯವರು ಮದುವೆಯಲ್ಲಿ ಶಾಂತವ್ವ ಎಂದು ಬದಲಿಸಿದರು, ಊರು ಹರವಿ ಅವ್ವ ಎಂದಿತು. ಹುಟ್ಟಿದ ಗಳಿಗೆಯ ಹೆಸರು ಎಲ್ಲರಿಗೂ ಮರೆತೇಹೋಗಿದೆ. ಅವ್ವ ಒಲೆಯ ಮುಂದೆ ಆಣೆ ಹಾಕಿಸಿದ ದಿನ ಅದನ್ನೂ ಹೇಳಿದ್ದಳು. ಕಾಲು ಮುಂದಾಗಿ ಬಂದ ಕೂಸು ನೀಲಿಗಟ್ಟಿತ್ತಂತೆ, ಅಳಲಿಲ್ಲವಂತೆ. ಸೂಲಗಿತ್ತಿ ಎರಡೂ ಕಾಲು ಹಿಡಿದು ಎತ್ತಿ, ಬೆನ್ನಿಗೆ ಬಡಿದು, ಬಾಳವಾ, ಬಾಳು ಎಂದು ಕೂಗಿದಳಂತೆ. ಆಗ ಕೂಸು ಉಸಿರೆಳೆದು ಅತ್ತಿತು. ಆ ಕೂಗೇ ಹೆಸರಾಯಿತು.

ಆಣೆ ಮುರಿದವನು ನಾನು. ನಿನ್ನನ್ನು ಬೆರಳು ಮಾಡಿ ತೋರಿಸಿದವನು ನಾನು. ತಪ್ಪಾಯಿತು, ಬಾಳವ್ವ.